ಪ್ಯಾಕೇಜ್ ಟೆಸ್ಟಿಗೆ ಯಾವುದು? ಡಾಕರ್, ವೇಗ್ರಂಟ್, ಆಟೋಪಿಕೆಜಿಟೆಸ್ಟ್ ಮೂರನ್ನೂ ಬಳಸಿ ನೋಡಿದೆ

ನನ್ನದೊಂದು ಪುಟ್ಟ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಪ್ಯಾಕೇಜ್. ಹಿನ್ನೆಲೆಯಲ್ಲಿ ಓಡುವ ಒಂದು ಸರ್ವಿಸ್, ಒಂದು ಕಾನ್ಫಿಗ್ ಫೈಲ್, ಅಷ್ಟೇ. ಇಷ್ಟಕ್ಕೆಲ್ಲ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಯಾಕೆ ಅಂತ ಮೊದಲು ಡಾಕರ್ ಹಿಡಿದೆ. ಅದು ಪೂರ್ತಿ ಮಷೀನ್ ಇಲ್ಲದೆ, ಪ್ರೋಗ್ರಾಮಿಗೆ ಬೇರೆಯದೇ ಜಾಗ ಮಾತ್ರ ಕೊಡುತ್ತದೆ.

ಡಾಕರ್ ಬಹಳ ಬೇಗ, ಅದರಲ್ಲಿ ಎರಡು ಮಾತಿಲ್ಲ. ಪ್ಯಾಕೇಜ್ ಇನ್‌ಸ್ಟಾಲ್ ಆಯಿತು, ಟೆಸ್ಟ್ ಪಾಸ್ ಆಯಿತು. ಆದರೆ ಬಳಸುವವರ ಕಂಪ್ಯೂಟರಿನಲ್ಲಿ ಸರ್ವಿಸ್ ಏಳುತ್ತಲೇ ಬೀಳುತ್ತಿತ್ತು! ಹುಡುಕಿದರೆ, ಡೆಬಿಯನ್‌ನ ಡಾಕರ್ ಇಮೇಜಿನಲ್ಲಿ (ಸಿದ್ಧ ಅಚ್ಚು) ಪಾಲಿಸಿ-ಆರ್‌ಸಿ.ಡಿ ಅನ್ನೋ ಸಣ್ಣ ಸ್ಕ್ರಿಪ್ಟ್ ಇದೆ. ಇನ್‌ಸ್ಟಾಲ್ ಹೊತ್ತಿನಲ್ಲಿ 'ಸರ್ವಿಸ್ ಶುರು ಮಾಡಲಾ?' ಅಂತ ಕೇಳಿದರೆ ಅದು 101 ಅಂತ ಉತ್ತರ ಕೊಡುತ್ತದೆ, ಅಂದರೆ ಬೇಡ. ಅಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯೂ ಓಡುತ್ತಿರುವುದಿಲ್ಲ. ನನ್ನ ಸರ್ವಿಸ್ ಒಮ್ಮೆಯೂ ಎದ್ದೇ ಇರಲಿಲ್ಲ, ಇನ್ನು ಬೀಳುವುದೆಲ್ಲಿಂದ?

ಆಮೇಲೆ ವರ್ಚುವಲ್‌ಬಾಕ್ಸ್ ಮೇಲೆ ವೇಗ್ರಂಟ್. ವರ್ಚುವಲ್ ಮಷೀನ್ ಓಡಿಸುವುದು ವರ್ಚುವಲ್‌ಬಾಕ್ಸ್, ಅದನ್ನು ಒಂದೇ ಕಮಾಂಡಿನಲ್ಲಿ ಕಟ್ಟಿ ಎಬ್ಬಿಸುವುದು ವೇಗ್ರಂಟ್. ಇದು ಪೂರ್ತಿ ಮಷೀನ್, ತನ್ನದೇ ಕರ್ನಲ್, ಸಿಸ್ಟಮ್‌ಡಿ ಎಲ್ಲ ಇದೆ. ಆ ತಪ್ಪು ಮೊದಲ ಸಲಕ್ಕೇ ಸಿಕ್ಕಿಬಿತ್ತು. ನಾನು ಎಡವಿದ್ದು ಬೇರೆ ಕಡೆ. 'ವೇಗ್ರಂಟ್ ಅಪ್' ಕೊಟ್ಟಾಗ, ಮಷೀನನ್ನು ಸಿದ್ಧಪಡಿಸುವ ಪ್ರೊವಿಷನ್ ಸ್ಕ್ರಿಪ್ಟ್ ತಾನಾಗಿ ಓಡುವುದು ಮೊದಲ ಸಲ ಮಾತ್ರ. ಅದೇ ಮಷೀನನ್ನು ಅಳಿಸದೆ ದಿನಗಟ್ಟಲೆ ಬಳಸಿದೆ. ಡಿಪೆಂಡ್ಸ್ ಸಾಲಿನಲ್ಲಿ (ನನ್ನ ಪ್ಯಾಕೇಜಿಗೆ ಬೇಕಾದ ಬೇರೆ ಪ್ಯಾಕೇಜುಗಳ ಪಟ್ಟಿ) ಒಂದು ಪೈಥಾನ್ ಮಾಡ್ಯೂಲ್ ಬರೆಯಲು ಮರೆತಿದ್ದೆ. ಯಾವಾಗಲೋ ಕೈಯಾರೆ ಹಾಕಿದ್ದು ಮಷೀನಿನಲ್ಲೇ ಕೂತಿತ್ತು. ಎಲ್ಲ ಟೆಸ್ಟೂ ಪಾಸ್. ಪ್ರತಿ ಸಲ ಡಿಸ್ಟ್ರಾಯ್ ಕೊಟ್ಟು ಮಷೀನ್ ಅಳಿಸಬೇಕಿತ್ತು, ಇಲ್ಲವೇ ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟಿಗೆ ಮರಳಬೇಕಿತ್ತು. ತಪ್ಪು ನನ್ನದೇ, ಆದರೆ ಹೀಗೆ ನೆನಪಿಟ್ಟು ಮಾಡುವ ಕೆಲಸ ನನ್ನ ಕೈಲಿ ಆಗುವುದಲ್ಲ.

ಕೊನೆಗೆ ಡೆಬಿಯನ್ ಪ್ಯಾಕೇಜ್ ಟೆಸ್ಟಿಗೆಂದೇ ಇರುವ ಆಟೋಪಿಕೆಜಿಟೆಸ್ಟ್, ಕೆಮು ಜೊತೆ. ಕೆಮು ಕೂಡ ವರ್ಚುವಲ್ ಮಷೀನ್ ಓಡಿಸುವಂಥದ್ದೇ. ಮೂಲ ಇಮೇಜ್ ಒಮ್ಮೆ ಕಟ್ಟಿಟ್ಟರೆ ಸಾಕು. ಪ್ರತಿ ಓಟದ ಬದಲಾವಣೆಗಳು ಅದರ ಮೇಲಿನ ತಾತ್ಕಾಲಿಕ ಪದರಕ್ಕೆ ಹೋಗುತ್ತವೆ, ಓಟ ಮುಗಿದ ಮೇಲೆ ಆ ಪದರವೇ ಮಾಯ. ಮರೆತ ಮಾಡ್ಯೂಲ್ ಮೊದಲ ಓಟದಲ್ಲೇ ಹೊರಬಿತ್ತು. ಟೆಸ್ಟಿನ ನಡುವೆ ರೀಬೂಟ್ ಮಾಡಿಸಿ, ಬಿಟ್ಟಲ್ಲಿಂದ ಮುಂದುವರಿಸಲೂ ಬರುತ್ತದೆ. ನನಗೆ ಇದೇ ಜಾಸ್ತಿ ಹಿಡಿಸಿತು. ಕಿರಿಕಿರಿಯೂ ಇದೆ. ಟೆಸ್ಟ್ ಎಸ್‌ಟಿಡಿ‌ಎರ್‌ಗೆ (ಎರರ್ ಸಂದೇಶಗಳು ಹೋಗುವ ದಾರಿ) ಸುಮ್ನೆ ಒಂದು ಸಾಲು ಬರೆದರೂ ಫೇಲ್. ಹಾಗೆ ಫೇಲ್ ಆಗಬಾರದು ಅಂದರೆ 'ಅಲೋ-ಎಸ್‌ಟಿಡಿಎರ್' ಅಂತ ಹಾಕಬೇಕು. ಕೆವಿಎಂ (ವರ್ಚುವಲ್ ಮಷೀನನ್ನು ವೇಗವಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ಇಲ್ಲದ ಕಂಪ್ಯೂಟರಿನಲ್ಲಂತೂ ಆಮೆ ನಡಿಗೆ.

ಈಗ ಕೋಡ್ ಬದಲಿಸಿದಾಗೆಲ್ಲ ಡಾಕರ್‌ನಲ್ಲಿ ಬಿಲ್ಡ್ ಮಾತ್ರ. ಬಿಡುಗಡೆಗೆ ಮುಂಚೆ ಆಟೋಪಿಕೆಜಿಟೆಸ್ಟ್. ವೇಗ್ರಂಟ್ ತೆಗೆಯುವುದು ಏನಾದರೂ ಕೆಟ್ಟು, ಒಳಗೆ ಹೋಗಿ ಲಾಗ್ ಕೆದಕಬೇಕಾದಾಗ. ತೆಗೆದಾಗೆಲ್ಲ ಮೊದಲು ಹಳೆಯದನ್ನು ಡಿಸ್ಟ್ರಾಯ್ ಮಾಡುತ್ತೇನೆ.