ಮೆನಿಂಜೈಟಿಸ್ ಡೌಟ್ ಬಂದ್ರೆ ಮೊದ್ಲು ಸಿಟಿನಾ, ಬೆನ್ನಿನ ನೀರಾ, ಇಂಜೆಕ್ಷನ್ನಾ?

ಮೆನಿಂಜೈಟಿಸ್ ಅಂದ್ರೆ ಮೆದುಳಿನ ಪೊರೆಗೆ ಸೋಂಕು ತಗಲಿ ಊತ ಬರೋದು. ಮೊದ್ಲು ಏನು ಮಾಡ್ಬೇಕು ಅನ್ನೋದಕ್ಕೆ ಮೂರು ದಾರಿ ಇದೆ, ಮೂರರಲ್ಲೂ ನಾನು ಕೆಲಸ ಮಾಡಿ ನೋಡಿದೀನಿ, ಮೊದ್ಲು ಮಂಡ್ಯದಲ್ಲಿ, ಆಮೇಲೆ ಮೈಸೂರಲ್ಲಿ, ಮೆಡಿಸಿನ್ ವಾರ್ಡ್ ನೈಟ್ ಡ್ಯೂಟಿಲಿ. ಜ್ವರ, ತಲೆನೋವು, ಕತ್ತು ಬಿಗಿ, ಮಂಕು ಈ ನಾಲ್ಕರಲ್ಲಿ ಎರಡಿದ್ರೂ ಅನುಮಾನ ಪಡ್ಲೇಬೇಕು. ನೆದರ್ಲೆಂಡ್ಸಲ್ಲಿ ದೊಡ್ಡವರ 696 ಕೇಸ್ ನೋಡ್ದಾಗ 95 ಪರ್ಸೆಂಟಲ್ಲಿ ಎರಡಾದ್ರೂ ಇತ್ತು, ಜ್ವರ-ಕತ್ತು ಬಿಗಿ-ಮಂಕು ಮೂರೂ ಒಟ್ಟಿಗಿದ್ದಿದ್ದು 44 ಪರ್ಸೆಂಟಲ್ಲಿ ಅಷ್ಟೇ. ಕತ್ತು ಬಗ್ಗುತ್ತಲ್ಲ ಅಂತ ವಾಪಸ್ ಕಳಿಸ್ಬೇಡಿ.

ಮೊದಲ್ನೇ ದಾರಿ: ಸಿಟಿ (ತಲೆ ಸ್ಕ್ಯಾನು, ಒಳಗೆ ಒತ್ತಡ ಜಾಸ್ತಿಯಾಗಿ ಎಲ್‌ಪಿ ಅಪಾಯ ಆಗುತ್ತಾ ನೋಡೋಕೆ), ಆಮೇಲೆ ಎಲ್‌ಪಿ (ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯೋದು), ರಿಪೋರ್ಟ್ ನೋಡ್ಕೊಂಡು ಆಂಟಿಬಯೋಟಿಕ್. ಮುಂಚೆ ನಾನಿದ್ದ ಒಂದು ಕಡೆ ಇದೇ ರೂಢಿ. ಟ್ರಾಲಿ ಸಿಗ್ಬೇಕು, ಟೆಕ್ನೀಷಿಯನ್ ಬರ್ಬೇಕು, ಮನೆಯೋರು ದುಡ್ಡು ಕಟ್ಟಿ ರಶೀದಿ ತರ್ಬೇಕು, ಪೇಷಂಟು ಹೊರಳಾಡಿದ್ರೆ ಇನ್ನೊಂದ್ಸಲ ಸ್ಕ್ಯಾನು, ಇಷ್ಟೆಲ್ಲಾ ಆಗೋಷ್ಟ್ರಲ್ಲಿ ಬಂದಾಗ ಹೆಸರು ಹೇಳ್ತಿದ್ದೋರು ಕೂಗಿದ್ರೂ ಕಣ್ಣು ಬಿಡ್ತಿರ್ಲಿಲ್ಲ. ಇದು ಬೇಡವೇ ಬೇಡ.

ಎರಡನೇದು ನೇರ ಎಲ್‌ಪಿ, ಕೂಡ್ಲೇ ಔಷಧಿ. ಪ್ರಜ್ಞೆ ಚೆನ್ನಾಗಿದೆ, ಫಿಟ್ಸ್ ಬಂದಿಲ್ಲ, ಕೈಕಾಲು ಸೋತಿಲ್ಲ, ಕಣ್ಣಿನ ಹಿಂದೆ ನರದ ಬುಡ (ಡಿಸ್ಕ್) ಊದಿಲ್ಲ, ಎಚ್‌ಐವಿ ಥರದ್ದಿಲ್ಲ, ರಕ್ತ ತೆಳು ಮಾಡೋ ಮಾತ್ರೆ ಇಲ್ಲ ಅಂದ್ರೆ ಇದಕ್ಕಿಂತ ಒಳ್ಳೇದಿಲ್ಲ. ನೀರು ಅಕ್ಕಚ್ಚಿನ ಥರ ಮಬ್ಬಾಗಿ ಬಂದ್ರೆ ಅಲ್ಲೇ ಗೊತ್ತಾಗೋಗುತ್ತೆ. ನಮ್ಮ ಕಡೆ ಟಿಬಿ ಮೆನಿಂಜೈಟಿಸ್ಸೂ ಬರುತ್ತಲ್ಲ, ನೀರಲ್ಲಿರೋ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಜಾಸ್ತಿನಾ ಲಿಂಫೋಸೈಟ್ ಜಾಸ್ತಿನಾ ಅಂತ ನೋಡಿದ್ರೆ ಅರ್ಧ ದಾರಿ ಸಿಗುತ್ತೆ. ಅದೇ ಹೊತ್ತಲ್ಲಿ ರಕ್ತದ ಸಕ್ಕರೆನೂ ನೋಡ್ಬಿಡಿ, ಇಲ್ದಿದ್ರೆ ನೀರಿನ ಸಕ್ಕರೆ ಕಮ್ಮಿನಾ ಅಂತ ಯಾವುದಕ್ಕೆ ಹೋಲಿಸ್ತೀರಾ? ಯಾವ ಕ್ರಿಮಿ ಅಂತ ಗೊತ್ತಾದ್ರೆ ಎಷ್ಟು ದಿನ ಇಂಜೆಕ್ಷನ್ ಅನ್ನೋದೂ ಗೊತ್ತಾಗುತ್ತೆ, ಮೆನಿಂಗೊಕಾಕಸ್‌ಗೆ 7 ದಿನ, ನ್ಯೂಮೊಕಾಕಸ್‌ಗೆ 10ರಿಂದ 14.

ತೊಡಕು ಇರೋದು ಒಪ್ಪಿಗೆ ತಗೊಳ್ಳೋದ್ರಲ್ಲಿ. ಮಳವಳ್ಳಿ ಕಡೆಯೋರೊಬ್ರು, "ಸಾ, ಬೆನ್ನಿಗೆ ಸೂಜಿ ಹಾಕಿದ್ರೆ ಅವ್ವನ ಕಾಲು ಬಿದ್ದೋಯ್ತದಂತಲ್ಲ?" ಅಂದ್ರು. "ಇಲ್ಲ ಅಣ್ಣ, ಬೆನ್ನುಹುರಿ ಸೊಂಟದ ಮೇಲೇನೇ ಮುಗಿಯುತ್ತೆ, ನಾವು ಚುಚ್ಚೋದು ಅದಕ್ಕಿಂತ ಕೆಳಗೆ" ಅಂತ ಅವರ ಬೆನ್ನ ಮೇಲೇ ಬೆರಳಿಟ್ಟು ತೋರಿಸ್ದೆ, ಒಪ್ಕೊಂಡ್ರು. ಊರಿಂದ ದೊಡ್ಡೋರು ಬರ್ಲಿ ಅಂತ ಕಾಯೋರೂ ಇರ್ತಾರೆ, ಭಯ ಸಹಜ, ಅವರನ್ನ ಗದರಬಾರ್ದು, ಆದ್ರೆ ಔಷಧಿ ಕಾಯೋ ಹಾಗಿಲ್ಲ.

ಅಲ್ಲಿಗೆ ಮೂರನೇ ದಾರಿ. ಬ್ಲಡ್ ಕಲ್ಚರ್ (ಕ್ರಿಮಿ ಬೆಳೆಸಿ ನೋಡೋಕೆ ರಕ್ತ) ತೆಗೆದು, ಡೆಕ್ಸಾ (ಊತ ಇಳಿಸೋ ಸ್ಟೀರಾಯ್ಡ್) 10 ಎಂಜಿ, ಅದರ ಜೊತೆಗೇ ಆಂಟಿಬಯೋಟಿಕ್‌ಗಳು, ಸೆಫ್ಟ್ರಿಯಾಕ್ಸೋನ್ 2 ಗ್ರಾಂ, ವ್ಯಾಂಕೋಮೈಸಿನ್, 50 ದಾಟಿದೋರಿಗೆ ಇಲ್ಲ ಕುಡಿತ, ಸ್ಟೀರಾಯ್ಡ್ ಇರೋರಿಗೆ ಆಂಪಿಸಿಲಿನ್ನೂ, ಯಾಕಂದ್ರೆ ಲಿಸ್ಟೀರಿಯಾ ಅನ್ನೋ ಕ್ರಿಮಿ ಮೇಲೆ ಸೆಫ್ಟ್ರಿಯಾಕ್ಸೋನ್ ನಡೆಯಲ್ಲ. ಆಮೇಲೆ ಸಿಟಿ, ಆಮೇಲೆ ಎಲ್‌ಪಿ. ಬೆನ್ನಿನ ನೀರಿನ ಕಲ್ಚರ್ ಹಾಳಾಗುತ್ತೆ ಅಂತ ಸೀನಿಯರ್ಸ್ ಬೈತಾರೆ, ಅದೂ ನಿಜಾನೇ, ಮೆನಿಂಗೊಕಾಕಸ್ ಎರಡು ಗಂಟೆಲೇ ಸಿಗ್ದೇ ಹೋಗ್ಬಹುದು. ಆದ್ರೆ ಸೆಲ್ಸು, ಪ್ರೋಟೀನು ಅಷ್ಟು ಬೇಗ ಬದಲಾಗಲ್ಲ, ಬ್ಲಡ್ ಕಲ್ಚರ್ ಎಷ್ಟೋ ಸಲ ಕೈ ಹಿಡಿಯುತ್ತೆ.

ಡೆಕ್ಸಾ ಬಗ್ಗೆ ವಾದ ಇದೆ. 2002ರ ಯುರೋಪ್ ಟ್ರಯಲ್‌ನಲ್ಲಿ ಸಾವು 15ರಿಂದ 7 ಪರ್ಸೆಂಟಿಗೆ ಇಳೀತು, ಆಫ್ರಿಕಾದ ಮಲಾವಿಲಿ ಉಪಯೋಗ ಕಾಣ್ಲಿಲ್ಲ. ನಾನಂತೂ ಕೊಡ್ತೀನಿ, ಬದುಕಿ ಕಿವಿ ಕಳ್ಕೊಂಡೋರನ್ನ ನೋಡಿದ್ಮೇಲೆ ಬಿಡೋಕೆ ಮನಸ್ಸು ಬರಲ್ಲ.

ಸ್ವೀಡನ್‌ನೋರು 2009ರಲ್ಲಿ ಮಂಕಿದ್ರೂ ಸಿಟಿ ಕಾಯದೆ ಎಲ್‌ಪಿ ಮಾಡಿ ಅಂತ ನಿಯಮ ಬದಲಾಯಿಸಿದ್ರು, ಚಿಕಿತ್ಸೆ ಬೇಗ ಶುರುವಾಯ್ತು, ಸಾವೂ ಕಮ್ಮಿ ಆಯ್ತು. ನನಗೆ ಅಷ್ಟು ಧೈರ್ಯ ಇಲ್ಲ, ಮಂಕಿದ್ರೆ ಮೂರನೇ ದಾರಿನೇ, ಚೆನ್ನಾಗಿದ್ರೆ ಎರಡನೇದು. ಯಾವುದಾದ್ರೂ ಬಂದ ಒಂದು ಗಂಟೆ ಒಳಗೆ ಮೊದಲ ಡೋಸ್ ಹೋಗಿರ್ಬೇಕು, ಆ ಟೈಮು ಕೇಸ್ ಶೀಟಲ್ಲಿ ಬರೆಯೋವರೆಗೂ ನಮ್ಮ ಸಿಸ್ಟರ್ಸು ಸಿಟಿಗೆ ಟ್ರಾಲಿ ಬಿಡಲ್ಲ.