ಆರ್ಡುಯಿನೋ ಐಡಿಇ: ಅಕ್ಷರ, ಸ್ಟ್ರಿಂಗ್ ಹೋಲಿಸುವ ಹೊಸಬರಿಗೆ ಎಷ್ಟು ನೆರವು?

ಎಲ್‌ಇಡಿ ಮಿನುಗಿಸಲು ಕಲಿತವರು ಮುಂದೆ ಸಾಮಾನ್ಯವಾಗಿ ಕೈಹಾಕುವುದು ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡಿನೊಂದಿಗೆ ಪಠ್ಯ ವಿನಿಮಯ ಮಾಡುವ ಕಿಟಕಿ) ಟೈಪ್ ಮಾಡಿದ ಆದೇಶವನ್ನು ಬೋರ್ಡ್ ಗುರುತಿಸುವಂತೆ ಮಾಡುವ ಕೆಲಸಕ್ಕೆ. ಊನೋ ಆರ್3 ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ಆರ್ಡುಯಿನೋ ಐಡಿಇಯನ್ನು ಈ ಕೆಲಸದ ಮಟ್ಟಿಗೆ ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ.

ಒಂಟಿ ಅಕ್ಷರದ ಹೋಲಿಕೆಯಲ್ಲಿ ದೂರುವಂಥದ್ದೇನೂ ಇಲ್ಲ. ಒಂಟಿ ಉದ್ಧರಣ ಚಿಹ್ನೆಯೊಳಗಿನ ಅಕ್ಷರವು ಯಂತ್ರಕ್ಕೆ ಬರಿಯ ಸಂಖ್ಯೆ: ಇಂಗ್ಲಿಷಿನ ದೊಡ್ಡ ಎ 65, ಸಣ್ಣ ಎ 97, ಸೊನ್ನೆಯ ಅಂಕಿ 48. ಆದರೆ ಅದೇ ಅಕ್ಷರವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ಆಗುತ್ತದೆ. ಚಾರ್ (ಒಂದೇ ಅಕ್ಷರ ಹಿಡಿಯುವ ವೇರಿಯಬಲ್) ಒಂದನ್ನು ಅದರೊಂದಿಗೆ ಹೋಲಿಸಿದಾಗ ಸಂಖ್ಯೆಯನ್ನು ಮೆಮೊರಿ ವಿಳಾಸದೊಂದಿಗೆ ಹೋಲಿಸಿದಂತಾಗುತ್ತದೆ. ಒಂಟಿ ಚಿಹ್ನೆಯೊಳಗೆ ಎರಡು ಅಕ್ಷರ ತುರುಕಿದರೆ ದೊರೆಯುವುದು 16 ಬಿಟ್‌ಗಳ ಸಂಖ್ಯೆಯಾದ್ದರಿಂದ, 8 ಬಿಟ್‌ಗಳ ಚಾರ್ ಅದಕ್ಕೆ ಎಂದೂ ಸಮವಾಗದು. ಈ ಎರಡೂ ತಪ್ಪುಗಳು ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್‌ನ ಕಣ್ಣಿಗೆ ಬೀಳುತ್ತವೆ. ಹಾಗಿದ್ದೂ ಊನೋಗಾಗಿ ಅದನ್ನು ಸಡಿಲವಾದ ಆಯ್ಕೆಯೊಂದಿಗೆ ಓಡಿಸುವುದರಿಂದ ಮೊದಲನೆಯದೂ ದೋಷವೆನಿಸದೆ ಎಚ್ಚರಿಕೆಯ ಮಟ್ಟಕ್ಕಿಳಿಯುತ್ತದೆ, ಮತ್ತು ಐಡಿಇಯಲ್ಲಿ ಎಚ್ಚರಿಕೆಗಳು ಮೊದಲಿನಿಂದಲೇ ಆಫ್ ಆಗಿರುತ್ತವೆ. ಸ್ಕೆಚ್ (ಆರ್ಡುಯಿನೋ ಪ್ರೋಗ್ರಾಂ) ಸದ್ದಿಲ್ಲದೆ ಅಪ್‌ಲೋಡ್ ಆಗುತ್ತದೆ, ಷರತ್ತು ಮಾತ್ರ ನಿಜವಾಗುವುದಿಲ್ಲ. ಕಲಿಯುವವರಿಗೆಂದೇ ರೂಪಿಸಿದ ಉಪಕರಣದಲ್ಲಿ ಇದನ್ನು ನಾನು ಅತಿ ದೊಡ್ಡ ಕೊರತೆ ಎಂದೆಣಿಸುತ್ತೇನೆ. ಪ್ರಿಫರೆನ್ಸಸ್‌ಗೆ ಹೋಗಿ ಕಂಪೈಲರ್ ವಾರ್ನಿಂಗ್ಸ್ ಎಂಬಲ್ಲಿ ಆಲ್ ಆರಿಸಿಕೊಂಡ ನಂತರವೇ ಕೋಡ್ ಬರೆಯತೊಡಗುವುದು ಒಳಿತು.

ಪದಗಳ ಹೋಲಿಕೆಗೆ ಆರ್ಡುಯಿನೋ ಒದಗಿಸಿರುವ, ದೊಡ್ಡ ಎಸ್‌ನಿಂದ ಆರಂಭವಾಗುವ ಸ್ಟ್ರಿಂಗ್ ಕ್ಲಾಸ್ ನಿಜಕ್ಕೂ ಸೊಗಸಾಗಿದೆ. ಅದರಲ್ಲಿ == ಚಿಹ್ನೆಯು ಒಳಗಿನ ಪಠ್ಯವನ್ನೇ ಹೋಲಿಸುತ್ತದೆ; ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಗಣಿಸದ ಪ್ರತ್ಯೇಕ ಫಂಕ್ಷನ್ ಕೂಡ ಇದೆ. ಸಾಲಾಗಿ ಜೋಡಿಸಿದ ಚಾರ್ ಅರೇಗಳಲ್ಲಾದರೋ ಅದೇ ಚಿಹ್ನೆ ವಿಳಾಸಗಳನ್ನಷ್ಟೇ ಹೋಲಿಸುವುದರಿಂದ ಸ್ಟ್ರ್‌ಕಂಪ್ (strcmp) ಎಂಬ ಫಂಕ್ಷನ್ ಬಳಸಬೇಕು. ಅದು ಎರಡೂ ಸಮವಿದ್ದಾಗ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಸುಳ್ಳು ಎಂದರ್ಥವಾದ್ದರಿಂದ, ಅದನ್ನು ಇಫ್ ಒಳಗೆ ಹಾಗೆಯೇ ಇಟ್ಟರೆ ಷರತ್ತು ತಲೆಕೆಳಗಾಗುತ್ತದೆ.

ಸೀರಿಯಲ್ ಮಾನಿಟರ್‌ನಲ್ಲಿ ಸಾಲಿನ ಅಂತ್ಯಕ್ಕೆ ಏನನ್ನು ಕಳುಹಿಸಬೇಕೆಂದು ಆರಿಸುವ ಪಟ್ಟಿಯೂ ಹೊಸಬರನ್ನು ಕಾಡುತ್ತದೆ. ಅಲ್ಲಿ ಸಾಲು ಮುಗಿಸುವ ಅಕ್ಷರಗಳಾದ ನ್ಯೂಲೈನ್, ಕ್ಯಾರೇಜ್ ರಿಟರ್ನ್ ಎರಡನ್ನೂ ಆರಿಸಿ ನ್ಯೂಲೈನ್‌ವರೆಗೆ ಮಾತ್ರ ಓದಿಸಿದರೆ, ಪದದ ಬಾಲಕ್ಕೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಂಟಿಕೊಂಡೇ ಉಳಿದು, ಪರದೆಯಲ್ಲಿ ಒಂದೇ ತೆರನಾಗಿ ಕಾಣುವ ಎರಡು ಪದಗಳು ಸಮವಲ್ಲವೆಂಬ ಉತ್ತರ ಬರುತ್ತದೆ. ಹೋಲಿಕೆಗೆ ಮುನ್ನ ಅಂಚಿನ ಕಾಣದ ಅಕ್ಷರಗಳನ್ನು ಕತ್ತರಿಸುವ ಟ್ರಿಮ್ ಫಂಕ್ಷನ್ ಕರೆದರೆ ಈ ಕಾಟ ತಪ್ಪುತ್ತದೆ.

ಊನೋ ಆರ್3ರಲ್ಲಿರುವ ರ‍್ಯಾಮ್ 2 ಕಿಲೋಬೈಟ್ ಮಾತ್ರ. ಸ್ಟ್ರಿಂಗ್‌ಗಳನ್ನು ಮತ್ತೆ ಮತ್ತೆ ಜೋಡಿಸುತ್ತಾ ಹೋದರೆ ಅಷ್ಟು ಚಿಕ್ಕ ಮೆಮೊರಿ ಹರಿದು ಹಂಚಿಹೋಗುವ ಅಪಾಯವಿದೆ. ಕಲಿಕೆಯ ಸಣ್ಣ ಸ್ಕೆಚ್‌ಗಳಿಗೆ ಸ್ಟ್ರಿಂಗ್ ಕ್ಲಾಸನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ದಿನಗಟ್ಟಲೆ ನಿಲ್ಲದೆ ಓಡಬೇಕಾದ ಸಾಧನಕ್ಕೆ ಚಾರ್ ಅರೇಯೇ ಸರಿ. ಪದ ಮುಗಿಯಿತೆಂದು ಸೂಚಿಸುವ ಕೊನೆಯ ಶೂನ್ಯ ಬೈಟಿಗೂ ಅದರಲ್ಲಿ ಸ್ಥಳ ಬೇಕಾದ್ದರಿಂದ, 5 ಅಕ್ಷರಗಳ ಆದೇಶಕ್ಕೆ ಕನಿಷ್ಠ 6 ಬೈಟ್ ಮೀಸಲಿಡಬೇಕಾಗುತ್ತದೆ.