ಟ್ಯೂಬ್ ಆಂಪ್ಲಿಫೈಯರ್ ಮುಂದೆ ಟಿಎಸ್9 ಪೆಡಲ್: ಎಂಟು ತಿಂಗಳ ಬಳಕೆಯ ನಂತರ

ಐಬಾನೆಜ್ ಕಂಪನಿಯ ಟಿಎಸ್9 ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಪೆಡಲನ್ನು (ಗಿಟಾರಿಗೂ ಆಂಪ್ಲಿಫೈಯರ್‌ಗೂ ನಡುವೆ ಜೋಡಿಸಿ, ಸದ್ದನ್ನು ಒರಟಾಗಿಸಲು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ) ನಗರದ ಒಂದು ಅಂಗಡಿಯಲ್ಲಿ ಮೊದಲ ಸಲ ನುಡಿಸಿ ನೋಡಿದಾಗ ಅದು ನನಗೆ ಹಿಡಿಸಲಿಲ್ಲ. ಅಂಗಡಿಯವರು ಅದನ್ನು ಒಂದು ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಜೋಡಿಸಿ, ಸದ್ದಿನ ಒರಟನ್ನು ಹೆಚ್ಚಿಸುವ ಡ್ರೈವ್ ನಾಬನ್ನು ಪೂರ್ತಿ ತಿರುಗಿಸಿ ಕೊಟ್ಟಿದ್ದರು. ಕೇಳಿಬಂದದ್ದು ಮೂಗಿನಿಂದ ಹಾಡಿದಂತಹ ತೆಳುವಾದ ಸದ್ದು. ಆದರೂ ಗೆಳೆಯರ ಮಾತು ನಂಬಿ ಕೊಂಡು ತಂದೆ. ಬನಶಂಕರಿಯ ನಮ್ಮ ಮನೆಯಲ್ಲಿ ಅದನ್ನು ಫೆಂಡರ್ ಬ್ಲೂಸ್ ಜೂನಿಯರ್ ಟ್ಯೂಬ್ ಆಂಪ್ಲಿಫೈಯರ್‌ಗೆ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದನ್ನು ಹಿಗ್ಗಿಸುವಂಥದ್ದು) ಜೋಡಿಸಿ ಒಂದು ವಾರ ನುಡಿಸಿದ ಮೇಲೆ, ಅಂಗಡಿಯಲ್ಲಿ ನಾನು ಕೇಳಿದ್ದು ಈ ಪೆಡಲ್‌ನ ನಿಜವಾದ ಕೆಲಸವೇ ಅಲ್ಲವೆಂಬುದು ಸ್ಪಷ್ಟವಾಯಿತು.

ಟ್ಯೂಬ್ ಆಂಪ್ಲಿಫೈಯರ್ ಇರುವವರು ಈ ಪೆಡಲ್‌ನಿಂದ ಸದ್ದನ್ನು ಒಡೆಯಿಸಬಾರದು, ಅಂದರೆ ಒರಟಾಗಿಸಬಾರದು, ಆಂಪ್ಲಿಫೈಯರ್‌ನ ಟ್ಯೂಬ್‌ಗಳೇ ಸದ್ದನ್ನು ಒಡೆಯುವಂತೆ ಅವುಗಳನ್ನು ಮುಂದಕ್ಕೆ ತಳ್ಳಿಸಬೇಕು. ಅದಕ್ಕೆ ಡ್ರೈವ್ ಕಡಿಮೆ ಇರಬೇಕು, ಪೆಡಲ್‌ನಿಂದ ಹೊರಡುವ ಸಂಕೇತದ ಬಲವಾದ ಲೆವೆಲ್ ಹೆಚ್ಚಿರಬೇಕು. ನಾಬನ್ನು ಗಡಿಯಾರದ ಮುಳ್ಳೆಂದು ಭಾವಿಸಿದರೆ, ನನ್ನಲ್ಲಿ ಡ್ರೈವ್ ಎಂಟು ಗಂಟೆಯಲ್ಲಿಯೂ ಲೆವೆಲ್ ಮೂರು ಗಂಟೆಯಲ್ಲಿಯೂ ನಿಂತು ತಿಂಗಳುಗಳಾದವು. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಫೆಂಡರ್ ಆಂಪ್ಲಿಫೈಯರ್‌ಗಳ ಮುಂದೆ ಟ್ಯೂಬ್ ಸ್ಕ್ರೀಮರ್ ಇಟ್ಟು ನುಡಿಸುತ್ತಿದ್ದರೆಂಬುದು ಗಿಟಾರ್ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ, ಆದರೆ ಆ ಜೋಡಿ ಅಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಪೆಡಲ್‌ನ ಒಳಗಿದೆ.

ಈ ಪೆಡಲ್ ಸುಮಾರು 720 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳನ್ನು ಪೂರ್ತಿಯಾಗಿ ಹಿಗ್ಗಿಸುತ್ತದೆ. ಅದರ ಕೆಳಗೆ ಇಳಿದಷ್ಟೂ ಹಿಗ್ಗಿಸುವುದು ಕಡಿಮೆಯಾಗುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್ ಆದ್ದರಿಂದ, ಟ್ಯೂಬ್‌ಗಳನ್ನು ತಲುಪುವಾಗ ಮಂದ್ರದ ಭಾರ ಇಳಿದಿರುತ್ತದೆ, ಮಧ್ಯದ ಭಾಗ ಎದ್ದು ನಿಂತಿರುತ್ತದೆ. ಟ್ಯೂಬ್‌ಗಳು ಸದ್ದನ್ನು ಒಡೆಯುವ ಹಂತಕ್ಕೆ ಬಂದಾಗ ಮೊದಲು ಕಲಸಿಹೋಗುವುದು ಮಂದ್ರವೇ ಆಗಿರುವುದರಿಂದ, ಆ ಭಾರವನ್ನು ಮೊದಲೇ ಇಳಿಸಿಕೊಂಡು ಬಂದ ಸದ್ದು ಒಡೆದ ಮೇಲೂ ಬಿಡಿಬಿಡಿಯಾಗಿ, ಬಿಗಿಯಾಗಿ ಕೇಳುತ್ತದೆ. ಅಲೆಯ ತುದಿಗಳನ್ನು ಕತ್ತರಿಸಿ ಸದ್ದನ್ನು ಒಡೆಯಿಸುವ ಡಯೋಡ್‌ಗಳು, ಹಿಗ್ಗಿಸುವ ಚಿಪ್ ಆದ ಆಪ್-ಆಂಪ್‌ನ ಫೀಡ್‌ಬ್ಯಾಕ್ ಹಾದಿಯಲ್ಲಿಯೇ (ಹೊರಬಂದ ಸಂಕೇತ ಒಳಕ್ಕೆ ಮರಳುವ ದಾರಿಯಲ್ಲಿ) ಕುಳಿತಿರುವುದರಿಂದ ಮೂಲ ಸಂಕೇತದ ಒಂದು ಪಾಲು ಒಡೆಯದೆ ಜೊತೆಯಲ್ಲಿ ಸಾಗುತ್ತದೆ. ಬೆರಳಿನ ಒತ್ತಡದ ವ್ಯತ್ಯಾಸ ಕೊನೆಯವರೆಗೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಡ್ರೈವ್ ಸೊನ್ನೆಯಲ್ಲಿದ್ದರೂ ಪೆಡಲ್ ಸುಮಾರು ಹನ್ನೆರಡು ಪಟ್ಟು ಹಿಗ್ಗಿಸುತ್ತದೆ, ಹಾಗಾಗಿ ಜೋರಾಗಿ ಮೀಟಿದರೆ ಸ್ವಲ್ಪ ಒಡಕು ಇದ್ದೇ ಇರುತ್ತದೆ. ಪೂರ್ತಿ ಸ್ವಚ್ಛವಾದ ಬೂಸ್ಟ್ ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ.

ನಮ್ಮ ತಾಯಿಯವರು ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನೆಳೆ ಇಟ್ಟು ಜೀವಾಳಿ ಕೂಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೂಲು ಕೂದಲೆಳೆಯಷ್ಟು ಅತ್ತ ಸರಿದರೆ ತಂತಿ ಮಂಕಾಗುತ್ತದೆ, ಇತ್ತ ಸರಿದರೆ ಬರಿದೇ ಗುಂಯ್‌ಗುಡುತ್ತದೆ, ಸರಿಯಾದ ಜಾಗದಲ್ಲಿ ಮಾತ್ರ ಷಡ್ಜದೊಳಗಿನ ಅಂತರಗಾಂಧಾರ ತಾನಾಗಿ ಕೇಳುತ್ತದೆ. ಆಂಪ್ಲಿಫೈಯರ್‌ನ ವಾಲ್ಯೂಮ್ ನಾಬ್ ಮತ್ತು ಪೆಡಲ್‌ನ ಲೆವೆಲ್ ನಾಬ್‌ಗಳ ನಡುವೆ ಆ ಜಾಗವನ್ನು ಹುಡುಕುವುದಕ್ಕೆ ನನಗೆ ಹೆಚ್ಚುಕಡಿಮೆ ಒಂದು ತಿಂಗಳೇ ಹಿಡಿಯಿತು. ಮೊದಲು ಪೆಡಲ್ ಆಫ್ ಮಾಡಿ, ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿ, ಗಟ್ಟಿಯಾಗಿ ಮೀಟಿದರೆ ಅಂಚಿನಲ್ಲಿ ತುಸು ಒರಟಾಗಿ ಕೇಳುವವರೆಗೆ ಆಂಪ್ಲಿಫೈಯರ್‌ನ ವಾಲ್ಯೂಮ್ ಏರಿಸಬೇಕು; ಆಮೇಲೆ ಪೆಡಲನ್ನು ಒತ್ತಬೇಕು. ಆಂಪ್ಲಿಫೈಯರ್ ಪೂರ್ತಿ ಸ್ವಚ್ಛವಾಗಿದ್ದಾಗ ಪೆಡಲ್ ಒತ್ತಿದರೆ ಅಂಗಡಿಯಲ್ಲಿ ಕೇಳಿದ ಅದೇ ತೆಳು ಸದ್ದು ಮರಳಿ ಬರುತ್ತದೆ.

ಬೆಂಗಳೂರಿನ ಮನೆಗಳಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಬ್ಲೂಸ್ ಜೂನಿಯರ್‌ನ 15 ವ್ಯಾಟ್ ಎಂದರೆ ಕಡಿಮೆಯೆಂದು ತೋರಬಹುದು, ಆದರೆ ಅದರ ಕೊನೆಯ ಹಂತದ ಎರಡು ಇಎಲ್84 ಪವರ್ ಟ್ಯೂಬ್‌ಗಳು ಪೂರ್ಣ ಬಲದಲ್ಲಿ 12 ಇಂಚಿನ ಸ್ಪೀಕರನ್ನು ನಡೆಸಿದರೆ ಕೆಳಗಿನ ಮನೆಯವರಷ್ಟೇ ಅಲ್ಲ, ಎದುರು ಸಾಲಿನವರೂ ಕಿಟಕಿ ಮುಚ್ಚಬೇಕಾಗುತ್ತದೆ. ಬ್ಲೂಸ್ ಜೂನಿಯರ್‌ನಲ್ಲಿ ಒಟ್ಟು ಸದ್ದನ್ನು ನಿಯಂತ್ರಿಸುವ ಮಾಸ್ಟರ್ ನಾಬ್ ಬೇರೆಯಾಗಿ ಇರುವುದರಿಂದ, ಮಾಸ್ಟರ್ ತಗ್ಗಿಸಿ ಮೊದಲ ಹಂತದ 12ಎಎಕ್ಸ್7 ಟ್ಯೂಬ್‌ಗಳನ್ನು ಮಾತ್ರ ಪೆಡಲ್‌ನಿಂದ ತಳ್ಳಬಹುದು. ಪವರ್ ಟ್ಯೂಬ್‌ಗಳೂ ಸ್ಪೀಕರೂ ದುಡಿದಾಗ ಬರುವ ತುಂಬುಸ್ವರ ಇದರಲ್ಲಿ ಸಿಗುವುದಿಲ್ಲವೆಂಬುದು ನಿಜ, ಆದರೆ ರಾತ್ರಿ ಎಂಟರ ಅಭ್ಯಾಸಕ್ಕೆ ನನಗೆ ಇದು ಸಾಕಾಗಿದೆ, ಕೆಳಮನೆಯ ಹಿರಿಯರು ಇದುವರೆಗೆ ಒಮ್ಮೆಯೂ ಬಾಗಿಲು ತಟ್ಟಿಲ್ಲ.

ತಂಡವಾಗಿ ಕೂಡಿ ನುಡಿಸುವ ಜ್ಯಾಮ್ ರೂಮಿನಲ್ಲಿ ಈ ಪೆಡಲ್‌ನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾಸ್ ಗಿಟಾರೂ ಕಿಕ್ ಡ್ರಮ್ಮೂ ಮಂದ್ರವನ್ನು ತುಂಬಿರುವಾಗ, ಒಬ್ಬನೇ ನುಡಿಸುವಾಗ ಮೂಗಿನ ಸದ್ದೆಂದು ತೋರಿದ್ದ ಆ ಮಧ್ಯದ ಉಬ್ಬೇ ಗಿಟಾರನ್ನು ಎತ್ತಿ ಮುಂದೆ ನಿಲ್ಲಿಸುತ್ತದೆ. ಮನೆಯಲ್ಲಿ ಒಂಟಿಯಾಗಿ ಕೇಳಿ ಇದನ್ನು ಅಳೆದರೆ ಅಳತೆ ತಪ್ಪುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರ ಬೇಕು. ಪೆಡಲ್‌ಗೆ 9 ವೋಲ್ಟ್ ಸಾಕು, ಆದರೆ ಅಡಾಪ್ಟರ್ ಪಿನ್ನಿನ ನಡುವಿನ ತುದಿ ಮೈನಸ್ ಆಗಿರಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುವಂಥವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ, ಆದ್ದರಿಂದ ಮೇಲಿನ ಚಿಹ್ನೆಯನ್ನು ನೋಡಿಯೇ ಕೊಳ್ಳಿ. ಅಗ್ಗದ ಅಡಾಪ್ಟರ್ ಒಂದನ್ನು ಬಳಸಿದಾಗ ನನ್ನಲ್ಲಿ ಸದಾ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳುತ್ತಿತ್ತು. ಲೆವೆಲ್ ಏರಿಸಿದಂತೆ ಅದೂ ಏರಿತು. ಅದನ್ನು ಬಿಟ್ಟು ಬ್ಯಾಟರಿ ಹಾಕಿದ ಕ್ಷಣ ಸದ್ದು ಅಡಗಿತು. ಕರೆಂಟ್ ಹೋದಾಗ ಆಂಪ್ಲಿಫೈಯರನ್ನು ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕುವ ಯೋಚನೆಯನ್ನೂ ಬಿಡುವುದು ಲೇಸು.

ಬಾಸ್ (Boss) ಕಂಪನಿಯ ಎಸ್‌ಡಿ-1 ಓವರ್‌ಡ್ರೈವ್ ಪೆಡಲ್ ಕೂಡ ಇದೇ ವಂಶದ್ದು. 1981ರಲ್ಲಿ ಬಂದ ಅದು ಸಂಕೇತದ ಅಲೆಯ ಎರಡು ಬದಿಗಳನ್ನು ಅಸಮವಾಗಿ ಕತ್ತರಿಸುತ್ತದೆ, ಬೆಲೆಯೂ ಕಡಿಮೆ. ಕೈ ಬಿಗಿಯಿರುವವರು ಅದನ್ನು ಕೊಂಡರೆ ನಷ್ಟವಿಲ್ಲ. 1982ರಲ್ಲಿ ಬಂದ ಟಿಎಸ್9 ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಒಂದೊಂದೇ ಸುರುಳಿಯಿರುವ ನನ್ನ ಸಿಂಗಲ್ ಕಾಯ್ಲ್ ಗಿಟಾರಿಗೆ ಹೆಚ್ಚು ಒಗ್ಗುತ್ತದೆ. ಎರಡೆರಡು ಸುರುಳಿಗಳ ಹಂಬಕರ್ ಗಿಟಾರಿನಲ್ಲಿ ಸದ್ದಿನ ಹೊಳಪನ್ನು ತಿದ್ದುವ ಟೋನ್ ನಾಬನ್ನು ಸ್ವಲ್ಪ ಏರಿಸಿಕೊಳ್ಳಬೇಕಾಯಿತು.

ಹೀಗೆ ತಳ್ಳಿದರೆ ಟ್ಯೂಬ್‌ಗಳು ಬೇಗ ಹಾಳಾಗುವುದಿಲ್ಲವೇ ಎಂದು ಅನೇಕರು ಕೇಳಿದ್ದಾರೆ. ಪೆಡಲ್ ಕೊಡುವ ಸಂಕೇತದಿಂದ ಮೊದಲ ಹಂತದ ಟ್ಯೂಬ್‌ಗಳಿಗೆ ಅಪಾಯವಿಲ್ಲ. ಪವರ್ ಟ್ಯೂಬ್‌ಗಳು ಕಾಲಕ್ರಮದಲ್ಲಿ ಹೇಗೂ ಸವೆಯುತ್ತವೆ, ಬದಲಿಸಬೇಕಾಗುತ್ತದೆ. ಆಂಪ್ಲಿಫೈಯರ್‌ಗೆ ನಿಜವಾದ ಅಪಾಯವಿರುವುದು ಸ್ಪೀಕರ್ ಕೇಬಲ್ ಬಿಚ್ಚಿಟ್ಟು ಅದನ್ನು ಚಾಲೂ ಮಾಡುವುದರಲ್ಲಿ. ಹಾಗೆ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದನ್ನು ಬದಲಿಸುವ ಖರ್ಚು ಟ್ಯೂಬ್ ಬದಲಿಸುವ ಖರ್ಚಿನಂತೆ ಅಲ್ಲ.